ಒಂಬತ್ತನೆಯ ಕಲ್ಲು

ಮಂಗಳವಾರ, ಶುಕ್ರವಾರ, ಎರಡರಿಂದ ಐದು:
ವೊಜೀಯೆರಿನಲ್ಲಿ ಸರ್ಕಾರ ಅಂದರೆ ನಾನೇ.
ತೊಂಬತ್ತಮೂರು ಜನ, ಒಂದು ಮುದ್ರೆ, ನಾಲ್ಕು ಬೀಗದಕೈ,
ಹೀಟರಿನ ಮೇಲೆ ಒಣಗುವ ನನ್ನ ಕೈಗವಸು.
ಮೇಯರ್ ಬೊರ್ದೆಸೂಲ್ ಬರಲಾರ, ಅವನ ಹಸು ಈಯುವ ಹೊತ್ತು.
ಫೋನಿನಲ್ಲೇ ಅಂದ: ಆ ಫಾರಮ್ಮು ನೀನೇ ತುಂಬಿಬಿಡು.

ಜಿಲ್ಲೆಯಿಂದ ಬಂದದ್ದು. ಮೇಲೆ ದಪ್ಪಕ್ಷರದಲ್ಲಿ
ಸಣ್ಣ ಊರುಗಳ ಸಣ್ಣ ಪರಂಪರೆ.
ಕಲ್ಲಿನ ಶಿಲುಬೆ ಒಂದು, ಬರೆದೆ, ಎಡತೋಳು ಮುರಿದಿದೆ.
ಊರೊಟ್ಟಿನ ರೊಟ್ಟಿಯೊಲೆ ಒಂದು, ಒಳಗೆ ಯಾರದೋ ಸೈಕಲ್ಲು.
ಯುದ್ಧದ ಕಂಬದಲ್ಲಿ ಹತ್ತೊಂಬತ್ತು ಹೆಸರು,
ಐದು ಒಂದೇ ಮನೆಯವು.
ಬಟ್ಟೆ ಒಗೆಯುವ ಕೊಳ:
ಉದ್ದ? ಅಗಲ? ಸದ್ಯದ ಬಳಕೆ?

ಟೇಪಿನ ಇನ್ನೊಂದು ತುದಿಗೆ ಸಿಕ್ಕವಳು ಸಿದೊನಿ.
ಎಂಬತ್ತೆಂಟು ವಯಸ್ಸು, ಕೋಳಿಗೆ ಕಾಳು ಚೆಲ್ಲಿ ಬರುತ್ತಿದ್ದಳು,
ಏಪ್ರನ್ನಿನ ಜೇಬಲ್ಲಿ ಇನ್ನೂ ಎರಡು ಬಿಸಿ ಮೊಟ್ಟೆ.
ಹನ್ನೊಂದು ಮೀಟರು, ನಾನು ಕೂಗಿದೆ.
ಹನ್ನೊಂದು ಮೀಟರಲ್ಲ, ಒಂಬತ್ತು ಕಲ್ಲು, ಅವಳಂದಳು.

ಊಟೆಯ ಬಾಯಿಗೆ ಮೊದಲನೆಯದು. ಅಲ್ಲಿ ನೀರು ಗಾಜು.
ಅಲ್ಲಿಂದ ಕೆಳಗೆ ಒಬ್ಬೊಬ್ಬರ ಕೊಳೆ ಇನ್ನೊಬ್ಬರಿಗೆ,
ಒಂಬತ್ತನೆಯದಕ್ಕೆ ಬರುವಾಗ
ಎಂಟು ಮನೆಯ ಬೆವರು, ಎಂಟು ಮನೆಯ ತೊಟ್ಟಿಲಬಟ್ಟೆ,
ನೊರೆಯೋ ನೊರೆ.
ಹೊಸದಾಗಿ ಬಂದ ಹೆಂಗಸಿಗೆ ಅದೇ ಜಾಗ.
ನಮ್ಮವ್ವ ಎರ್ಮಿನ್ ಎರಡು ಹರದಾರಿ ಆಚೆಯವಳು,
ಅಂದರೆ ಪರದೇಶದವಳು.
ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಮಂಡಿಯೂರಿ
ಆರು ಚಳಿಗಾಲ ಒಂಬತ್ತರಲ್ಲೇ ಬಡಿದಳು.

ಮೇಲಿನವಳು ಸತ್ತರೆ ಕೆಳಗಿನವರೆಲ್ಲ ಒಂದೊಂದು ಕಲ್ಲು ಮೇಲೆ.
ಯಾರೂ ಬರೆದಿಟ್ಟ ಕಾನೂನಲ್ಲ.
ಹೆಣ ಎತ್ತಿದ ಮುಂದಿನ ಸೋಮವಾರ, ಮಾತಿಲ್ಲದೆ,
ಪೆಟ್ಟಿಗೆಗಳು ಸರಿಯುತ್ತಿದ್ದವು.
ಒಬ್ಬಳು ಬಾಣಂತಿಜ್ವರದಲ್ಲಿ, ಒಬ್ಬಳು ಅಟ್ಟದಿಂದ ಬಿದ್ದು;
ಒಬ್ಬಳು ಮಗಳ ಮನೆಗೆಂದು ಲಿಮೋಜಿಗೆ ಹೋದಳು,
ಅದನ್ನೂ ಸಾವಿನ ಲೆಕ್ಕಕ್ಕೇ ಹಿಡಿದರು.
ಹಾಗೆ ಮೂವತ್ತಮೂರು ವರ್ಷದಲ್ಲಿ
ಅವ್ವ ಎರಡನೆಯ ಕಲ್ಲಿಗೆ ಬಂದಳು.
ಮೊದಲನೆಯದರಲ್ಲಿ ಕಮ್ಮಾರನ ಯೂಲಾಲಿ.
ತೊಂಬತ್ತಾದರೂ ಕೆಮ್ಮು ಕೂಡ ಇಲ್ಲ.

ಆಮೇಲೆ ಯೂಲಾಲಿಯ ಮಗ ಗೇರೆ ಪೇಟೆಯಿಂದ
ಟ್ರ್ಯಾಕ್ಟರಿನ ಮೇಲೆ ಬಿಳಿಯ ಯಂತ್ರ ತಂದ.
ಸಾಯದೆಯೇ ಕಲ್ಲು ಖಾಲಿ!
ಅದಕ್ಕೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.
ಅವ್ವ ಎರಡರಲ್ಲೇ ಕುಳಿತಳು, ಎರಡು ವರ್ಷ,
ಪಕ್ಕದಲ್ಲಿ ಒಣಕಲ್ಲು, ಅದರ ಮೇಲೆ ಹಲ್ಲಿ.
ಕೆಳಗಿನವರೂ ಒಬ್ಬೊಬ್ಬರೇ ಯಂತ್ರ ಕೊಂಡರು.
ಕೊನೆಗೊಂದು ದಿನ ಮೊದಲನೆಯ ಕಲ್ಲಿಗೆ ಹೋಗಿ
ಒಂದೇ ಒಂದು ಕರವಸ್ತ್ರ ಒಗೆದಳು.
ಮನೆಯಿಂದ ಹೊರಡುವಾಗಲೇ ಶುಭ್ರವಾಗಿತ್ತದು, ನಾನೇ ಇಸ್ತ್ರಿ ಮಾಡಿದ್ದೆ.
ಆ ನೊರೆ ಯಾರ ಬಟ್ಟೆಯನ್ನೂ ಮುಟ್ಟದೆ
ನೆಟ್ಟಗೆ ಹೊಳೆಗೆ ಹೋಯಿತು.
ಅವ್ವ ನೋಡುತ್ತ ಕೂತಳು, ಕೋಪ ಬಂದವಳ ಹಾಗೆ.

ಸಿದೊನಿ ಟೇಪು ಬಿಟ್ಟಳು, ಸರ್ರನೆ ಬಂದು ನನ್ನ ಬೆರಳಿಗೆ ಬಡಿಯಿತು.
ಸದ್ಯದ ಬಳಕೆ: ಇಲ್ಲ, ಎಂದು ಬರೆಯುವಾಗ
ಕೊಳದಲ್ಲಿ ಎರಡು ಬಾತು, ಒಂದು ಎಲೆ, ಆಕಾಶ.
ಸ್ಥಿತಿ: ಉತ್ತಮ.
ಒಂಬತ್ತನೆಯ ಕಲ್ಲು ಮಾತ್ರ ತಡಿಯ ಹಾಗೆ ತಗ್ಗಾಗಿದೆ,
ಎಲ್ಲರೂ ಶುರುಮಾಡಿದ್ದು ಅಲ್ಲಿಂದಲೇ ಅಲ್ಲವೆ.

ಯಾವ ಕಡೆಯಿಂದ ಎಣಿಸುತ್ತಿದ್ದೀ, ಸಿದೊನಿ ಇಣುಕಿದಳು.
ಫಾರಮ್ಮಿನಲ್ಲಿ ಅದರ ಬಗ್ಗೆ ಏನೂ ಇಲ್ಲ ಅಂದೆ.
ಅವಳು ಒಂದು ಮೊಟ್ಟೆ ತೆಗೆದು ನನ್ನ ಕೈಗಿಟ್ಟಳು,
ಲಂಚವೋ, ಸುಮ್ಮನೆಯೋ.
ಒಂದು ಎಂಬುದನ್ನು ಅಳಿಸಿ
ಕೆಳಗಿನ ತುದಿಯಿಂದ ಮತ್ತೆ ಬರೆಯತೊಡಗಿದೆ.