ನಾಲ್ಕರಷ್ಟು

ಬೂಝಿ ನದಿ ತನ್ನ ಪಾತ್ರಕ್ಕೆ ಮರಳಿದ ಮೇಲೆ
ಇದು ಒಂಬತ್ತನೆಯ ಭಾನುವಾರ.
ಪಾದ್ರಿಗಳ ದೋಣಿಗೆ ಡೀಸೆಲ್ ಸಿಕ್ಕಿಲ್ಲ,
ಇವತ್ತೂ ಉಪದೇಶಿ ನಾನೇ ಓದಬೇಕು.
ಚರ್ಚಿನ ತಗಡು ಮೂರು ಹರದಾರಿ ಆಚೆ
ಯಾರದೋ ಮೆಕ್ಕೆಜೋಳದ ಹೊಲದಲ್ಲಿ ಬಿದ್ದಿತ್ತಂತೆ;
ಅವರೀಗ ಅದರಡಿ ಮಲಗುತ್ತಾರೆ.
ಇರಲಿ, ವಾಪಸು ಕೇಳಲಿಲ್ಲ.

ಕೆಸರು ಕುಡಿದ ಪುಸ್ತಕ. ಹಾಳೆಗೆ ಹಾಳೆ ಅಂಟಿದೆ.
ಚಾಕುವಿನ ತುದಿಗೆ ಬಿಡಿಸಿಕೊಂಡದ್ದು ಇದೊಂದೇ:
ಜಕ್ಕಾಯ. ಕುಳ್ಳ. ಸುಂಕದವರ ಯಜಮಾನ.
ಪ್ರಭುವನ್ನು ನೋಡಲು ಅತ್ತಿಮರ ಹತ್ತಿದ

ಎನ್ನುವಷ್ಟರಲ್ಲಿ ಫೆಲಿಝಾರ್ದಾ ನಕ್ಕಳು.
"ಎಷ್ಟು ಹೊತ್ತು ಕೂತಿದ್ದನಂತೆ?"

ಯಾರೂ ಅವಳನ್ನು ಸುಮ್ಮನಾಗಿಸಲಿಲ್ಲ.
ಎರಡು ರಾತ್ರಿ, ನಡುವೆ ಒಂದು ಹಗಲು
ಶಾಲೆಯ ಹಿಂದಿನ ಮಾವಿನಲ್ಲಿ ಕೂತವಳು ಅವಳು,
ಕಪುಲಾನದ ಬಟ್ಟೆಯಿಂದ ಕೂಸನ್ನು ಕೊಂಬೆಗೆ ಬಿಗಿದು.
ಪಕ್ಕದಲ್ಲೇ ಒಂದು ಹಾವು.
ಅದೂ ನೆನೆದು ಮುದುಡಿತ್ತು, ಕಚ್ಚಲಿಲ್ಲ.
ಗಂಡ ಸಿಮಾಂವ್‌ನ ಕೊಂಬೆ ಮೊದಲ ರಾತ್ರಿಯೇ ಮುರಿಯಿತು.
ಪ್ರಭು ಆ ನೀರಿನ ದಾರಿಯಲ್ಲಿ ಬಂದನೋ ಇಲ್ಲವೋ
ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಮುಂದಕ್ಕೆ ಓದಿದೆ. ಬೇಗ ಇಳಿದು ಬಾ. ಇಳಿದ.
ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಕೊಡುವೆನೆಂದ.

ನಾನು ಬರೆದು ತಂದ ಪ್ರಸಂಗ ತಾಳ್ಮೆಯ ಕುರಿತು.
ಮಡಚಿ ಜೇಬಿಗಿಟ್ಟೆ.

ಈ ಊರಲ್ಲಿ ಇಂಜಿನ್ನು ಎರಡೇ:
ಹಿಟ್ಟಿನ ಗಿರಣಿ, ಪಾದ್ರಿಗಳ ದೋಣಿ.
ಇಷ್ಟರಿಂದ ಕಡಲು ಕಾಯುವುದಿಲ್ಲ.
ಆದರೂ ಪೂಜೆ ಪೂಜೆಗೂ ಎದೆ ಬಡಿದುಕೊಂಡು
ನನ್ನ ಪಾಪ, ನನ್ನ ಪಾಪ ಎಂದವರು ನಾವು.
ಕದ್ದ ಆಡನ್ನು ಕೊಟ್ಟಿಗೆಯಲ್ಲೇ ಕಟ್ಟಿಕೊಂಡು
ಕ್ಷಮೆ ಕೇಳಬಾರದೆಂದು
ಮೊದಲ ಪರಮಪ್ರಸಾದದ ಮಕ್ಕಳಿಗೂ ಕಲಿಸುತ್ತೇನೆ.
ಮೊದಲು ಆಡು. ಕಣ್ಣೀರು ಆಮೇಲೆ.
ನಮಗೆ ಬಂದ ಅಕ್ಕಿಮೂಟೆಯ ಮೇಲೆ
ದೊಡ್ಡ ನೀಲಿ ಅಕ್ಷರದಲ್ಲಿ ಅಚ್ಚಾಗಿದೆ: ಉಡುಗೊರೆ.

ಇದನ್ನೆಲ್ಲ ಹೇಳಿದೆನೋ, ಬರೀ ನಿಂತಿದ್ದೆನೋ.
ನನ್ನ ದನಿ ನನಗೇ ಕೇಳಿಸಿದ ನೆನಪಿಲ್ಲ.

ಎಲ್ಲರೂ ಹೋದ ಮೇಲೆ ಫೆಲಿಝಾರ್ದಾ ಉಳಿದಳು.
"ಆ ಜಕ್ಕಾಯನ ಊರು ದೂರವೇ?"
ದೂರ, ಎಂದೆ.
"ಆಗಲಿ. ದೋಣಿಗೆ ಡೀಸೆಲ್ ಬರಲಿ.
ನನ್ನ ಲೆಕ್ಕ ಈಗಲೇ ಬರೆದಿಡು."

ಆಡು ಎರಡು. ಎಂಟು ಬರೆದೆ.
ಬಿತ್ತನೆಯ ಜೋಳ ಒಂದು ಚೀಲ. ನಾಲ್ಕು.
ಒನಕೆ, ಬಾಗಿಲು, ಕಬ್ಬಿಣದ ಮಂಚ.
ಬೆರಳು ಮಡಚುತ್ತ ಬಂದಳು, ಕಿರುಬೆರಳಿಗೆ ನಿಂತಳು.

"ಸಿಮಾಂವ್ ಒಬ್ಬ," ಎಂದಳು.

ಪೆನ್ಸಿಲ್ ನನ್ನ ಕೈಯಲ್ಲಿತ್ತು.