ಹೇನಂಗಿ

ನಮ್ಮ ಕಣಿವೆಯಲ್ಲಿ ಇದಕ್ಕೆ ಹೇನಂಗಿ ಎನ್ನುತ್ತಾರೆ.
ಕೇಳಿ ಮೈ ಕೆರೆದುಕೊಳ್ಳಬೇಡಿ:
ಕರಿ ಉಣ್ಣೆಯ ಮೇಲೆ ಬಿಳಿ ಚುಕ್ಕಿ,
ಮೂರು ಕುಣಿಕೆ ಬಿಟ್ಟು ಒಂದು, ಮತ್ತೆ ಮೂರು ಬಿಟ್ಟು ಒಂದು,
ಮುಂದಿನ ಸರದಿಗೆ ಜಾಗ ಬದಲಿಸಿ ಕೂರುತ್ತವೆ
ಬಾಚಣಿಗೆಗೆ ಸಿಗದ ಜಾಣ ಹೇನುಗಳ ಹಾಗೆ.

ಈಗ ಮೇಜಿನ ಮೇಲೆ ತೋಳು ಚಾಚಿ ಮಲಗಿದೆ
ಡಾಕ್ಟರ ಎದುರಿನ ರೋಗಿಯಂತೆ.
ತಂದವನು ತಾಲಕ್, ಗೀರೋಳ ಮಗಳ ಮಗ,
ಹದಿನೇಳು ತುಂಬಿದೆ, ಸ್ಕೀ ಓಟದ ತಂಡದವನು,
ಹಿಮದ ಬಿಸಿಲಿಗೆ ಮೂಗಿನ ತುದಿ ಸಿಪ್ಪೆ ಏಳುತ್ತಿದೆ.
ಮೈಗೆ ಅಂಟಿದ್ದು ಮೀನುಬಲೆಯಂಥ ಬನಿಯನ್ನು
(ಆ ತೂತುಗಳೇ ಬೆಚ್ಚಗಿಡುತ್ತವಂತೆ)
ಎಲ್ಲಕ್ಕೂ ಮೇಲೆ ಸರಸರ ಸದ್ದಿನ ಕಿತ್ತಳೆ ಜಾಕೆಟ್ಟು.
‘ನಡುವೆ ಒಂದು ಪದರ ಕಡಿಮೆ,’ ಅಂದ.
‘ಇದಕ್ಕೆ ಜಿಪ್ ಹಾಕಿಕೊಡಿ, ಕತ್ತಿನಿಂದ ಕೆಳಗಂಚಿನವರೆಗೆ.
ಏರುವಾಗ ಬೆವರು, ಇಳಿಯುವಾಗ ಗಾಳಿ,
ತಲೆಯಿಂದ ಎಳೆದು ತೆಗೆಯಲು ಯಾರಿಗಿದೆ ಪುರುಸೊತ್ತು?’
ಆಮೇಲೆ, ಕಿಟಕಿ ನೋಡುತ್ತ:
‘ಸೊಂಟ ಸ್ವಲ್ಪ ಬಿಗಿ ಮಾಡಿ. ಚೆನ್ನಾಗಿ ಕಾಣಬೇಕು.’

ಅಂಗಿ ಒಳಹೊರಗು ಮಾಡಿದೆ.
ಕೆಳಗೆ ಒಂದು ಗೇಣು ಬರೀ ಬಿಳಿ, ಚಿತ್ತಾರವಿಲ್ಲ:
ಅಂದಿನ ಗಂಡಸರ ಷರಾಯಿ ಎದೆ ಮುಟ್ಟುತ್ತಿತ್ತು,
ಒಳಗೆ ಅಡಗುವುದಕ್ಕೆ ಬಣ್ಣ ಯಾಕೆ ದಂಡ?
ಜಂಬದಲ್ಲೂ ಲೆಕ್ಕ ಬಿಡದ ಜನ ನಾವು.
ಈಗ ಪಟ್ಟಣದ ಅಂಗಡಿಗಳಲ್ಲಿ ಆ ಬಿಳಿ ಪಟ್ಟಿಯೇ ಫ್ಯಾಷನ್ನು.

ಎಡ ತೋಳು, ಮೊಣಕೈ ಹತ್ತಿರ, ಎರಡು ಹೇನು ಅಕ್ಕಪಕ್ಕ.
ತಪ್ಪು.
ನನ್ನ ಗೆಣ್ಣಿಗೆ ಕಡ್ಡಿಯಿಂದ ಹೊಡೆದು ಎಣಿಕೆ ಕಲಿಸಿದ ಗೀರೋಳ ತಪ್ಪು!
ಹಸು ಈಯುತ್ತಿತ್ತೋ, ಹಾಲು ಉಕ್ಕಿತೋ,
ರೇಡಿಯೋದಲ್ಲಿ ಯಾರೋ ಸ್ಕೀ ಕಟ್ಟಿ ಜಿಗಿದರೋ.
ಬಿಚ್ಚಿ ಮತ್ತೆ ಹೆಣೆಯಲಿಲ್ಲ ಯಾಕೆ, ಅದು ಹೊಳೆಯುತ್ತಿಲ್ಲ.

ನೂರಾರು ಅಂಗಿ ಸೀಳಿದ ಕತ್ತರಿ ಇದು.
ಕೊಳವೆಯಂತೆ ಹೆಣೆದು ಆಮೇಲೆ ಸೀಳುವುದೇ ನಮ್ಮ ಪದ್ಧತಿ,
ನೋಡಲು ಬಂದ ಪ್ರವಾಸಿಗರು ಕಣ್ಣು ಮುಚ್ಚಿಕೊಳ್ಳುತ್ತಾರೆ.
ಆದರೆ ಅವು ಕತ್ತರಿಗೆಂದೇ ಹುಟ್ಟಿದವು,
ಎದೆಯ ನಡುವೆ ದಾರಿ ಬಿಟ್ಟುಕೊಂಡೇ ಬಂದವು.
ಇದಕ್ಕೆ ಅಂಥ ದಾರಿಯಿಲ್ಲ.

ಎಣಿಸಿದೆ ಎಡದಿಂದ. ಎಣಿಸಿದೆ ಬಲದಿಂದ.
ಸರಿ ನಡುವಿನ ಕುಣಿಕೆಯಲ್ಲಿ ಒಂದು ಹೇನು ಕೂತಿತ್ತು.
ಅದರ ಆಚೆ ಈಚೆ ಹೊಲಿಗೆ ಓಡಿಸಿದೆ, ಒತ್ತೊತ್ತಾಗಿ.
ಕಾಫಿ ಕುಡಿದೆ. ಇನ್ನೊಂದು ಲೋಟ ಕುಡಿದೆ.
ಓಟ್ರಾ ಹೊಳೆ ಮಂಜುಗಡ್ಡೆಯಡಿ ಗೊಣಗುತ್ತಿತ್ತು.
ಕತ್ತರಿ ಹಾಕಿದೆ.

ಏನೂ ಆಗಲಿಲ್ಲ.
ಒಂದು ಎಳೆಯೂ ಜಾರಲಿಲ್ಲ.
ಅರುವತ್ತು ಚಳಿಗಾಲದ ಬೆವರು, ಒಲೆಯ ಹೊಗೆ, ಕುರಿಯ ಜಿಡ್ಡು
ಕುಡಿದು ಕುಡಿದು ಗಂಟುಬಿದ್ದ ಉಣ್ಣೆ
ಪಕ್ಕದ ಉಣ್ಣೆಯ ಕೈ ಬಿಡಲಿಲ್ಲ.
ನಾನೇ ಉಸಿರು ಬಿಟ್ಟದ್ದು.

ಅಂಚು ಮಡಚಿ ಜಿಪ್ ಕೂರಿಸಿದೆ.
ಮೂರು ಕುಣಿಕೆ ಮಡಿಕೆಯೊಳಗೆ ಹೋದವು
ನಡುವಿನ ಹೇನುಗಳನ್ನೆಲ್ಲ ಎತ್ತಿಕೊಂಡು.
ಎಳೆದು ನೋಡಿದರೆ, ಅಯ್ಯೋ,
ಒಂದು ಸಾಲು ಬಿಟ್ಟು ಒಂದರಲ್ಲಿ
ಎರಡು ಹೇನು ಅಕ್ಕಪಕ್ಕ, ಮೈಗೆ ಮೈ ತಾಗಿಸಿ,
ಗೀರೋಳ ಮೊಣಕೈಯಲ್ಲಿ ಕೂತ ಹಾಗೆಯೇ
ಕತ್ತಿನಿಂದ ಹೊಟ್ಟೆಯವರೆಗೆ.
ಈ ತಪ್ಪು ನನ್ನದು. ನಾನೂ ಬಿಚ್ಚಲಿಲ್ಲ.

ಸೊಂಟ ಬಿಗಿ ಮಾಡಲಿಲ್ಲ. ಅಷ್ಟು ಹಟ ನನಗಿರಲಿ.
ಕತ್ತಿನ ತವರದ ಕೊಂಡಿಗಳನ್ನು ಪೊಟ್ಟಣ ಕಟ್ಟಿ ಕೊಟ್ಟೆ,
ಮೇಜಿನ ಮೇಲೆಯೇ ಮರೆತು ಹೋದ.
ಕನ್ನಡಿಯಲ್ಲಿ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ,
ಕಿತ್ತಳೆ ಜಾಕೆಟ್ಟನ್ನು ಹೆಗಲಿಗೆ ಎಸೆದುಕೊಂಡ,
ಒಳಗಿನದು ಕಾಣಲಿ ಎಂದೇ ಇರಬೇಕು.
ಬಸ್ಸು ಬಂತು. ಜಿಪ್ಪನ್ನು ಅರ್ಧಕ್ಕೇ ಎಳೆದು
ಓಡಿದ, ಹಿಮದಲ್ಲಿ ಜಾರುತ್ತ, ಬೂಟಿನ ದಾರ ಬಿಚ್ಚಿಕೊಂಡೇ.