ನಾಲ್ಕು ಚುಕ್ಕಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನೆದುರು
ಬೋರ್ಡು ಬರೆಯುವ ಅಫ಼್ರೋಜ಼್
ನಮ್ಮಜ್ಜಿಯ ಬಾಯಲ್ಲಿ ಅಪ್ರೋಜಪ್ಪ.
ಮೇಲ್ಹಲ್ಲು ಕೆಳತುಟಿಗೆ ತಾಗಿಸಜ್ಜಿ ಅಂದರೆ
ಹಲ್ಲೆಲ್ಲಿಂದ ತರಲೋ ಅನ್ನುವಳು.

ಕಾಪಿ, ಪೋನು, ಇಸ್ಕೂಲು.
ಬಂದ ಮಾತಿಗೆಲ್ಲ ಹೊಸ್ತಿಲಲ್ಲೇ ಕಾಲು ತೊಳೆಸಿ
ಕೊನೆಗೊಂದು ಉಕಾರದ ಮಣೆ ಹಾಕುವಳು.

ಅವನೋ ಅಕ್ಷರಕ್ಕಿಷ್ಟು ಅಂತ ಕಾಸು ಎಣಿಸಿದರೂ
ಚುಕ್ಕಿಗೆ ಕೇಳಿದವನಲ್ಲ.
ಕಾಫ಼ಿಗೆ ಎರಡು, ಜ಼ರಿಗೆ ಎರಡು,
ತನ್ನ ಹೆಸರಿಗೆ ನಾಲ್ಕು,
ಸಣ್ಣ ಕುಂಚದ ತುದಿಯಲ್ಲಿ, ಉಸಿರು ಹಿಡಿದು.

ಮೊನ್ನೆ ಮಗಳು ಪಾಠ ಓದುತ್ತಿದ್ದಳು:
ಮರದ ತುಂಬ ಫಲ.
ಪುಸ್ತಕದಲ್ಲಿ ಚುಕ್ಕಿ ಇಲ್ಲ.
ಅವಳ ತುಟಿ ಹಲ್ಲಿನ ಸಂದಿಯಲ್ಲಿ ಇತ್ತು.
ತಿದ್ದಲು ಹೋದೆ;
ನನ್ನ ಬಾಯಿಂದಲೂ ಅದೇ ಗಾಳಿ.
ಅಜ್ಜಿಯಾದರೆ ಪಲ ಅನ್ನುತ್ತಿದ್ದಳು.
ಅದೂ ತಪ್ಪೇ, ಆದರೆ ಬೇರೆ ತಪ್ಪು.

ಸಂಜೆ ಹೋದರೆ ಅವನು ಏಣಿಯ ಮೇಲೆ,
ತನ್ನದೇ ಹೊಸ ಬೋರ್ಡು.
ಹೆಸರ ಕೆಳಗೆ ಬರೀ ಬಿಳಿ.
ಚುಕ್ಕಿ ಮರೆತೆಯಲ್ಲೋ?
'ಯಾಕೆ ಬೇಕು ಸಾರ್, ಈಗ ಎಲ್ರೂ ಸರಿಯಾಗೇ ಕರೀತಾರೆ.'
ಕುಂಚ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು,
'ಅಪ್ರೋಜಪ್ಪ ಅನ್ನೋರೇ ಇಲ್ಲ.'